ತುಂಗಾ ಮಲಗಿಲ್ಲ, ಭದ್ರಾ ಎದ್ದಿಲ್ಲ

ಆ ಎರಡು ಯಂತ್ರಗಳಿಗೆ ಒಂದು, ಎರಡು ಅಂತ ನಂಬರ್ ಕೊಟ್ಟು ಸುಮ್ಮನಾಗಿದ್ದರೆ ರುದ್ರೇಶನಿಗೆ ಈ ಗತಿ ಬರುತ್ತಿರಲಿಲ್ಲ.

ಶಿವಮೊಗ್ಗದ ‘ಮಿಂಚುಬಳ್ಳಿ’ ಕೇಬಲ್ ಮತ್ತು ಇಂಟರ್ನೆಟ್ ಕಂಪನಿಯಲ್ಲಿ ಅವನದು ಫೋನ್ ಸರ್ವರ್ ನೋಡಿಕೊಳ್ಳುವ ಕೆಲಸ. ಟೀವಿ ಬರ್ತಿಲ್ಲ, ನೆಟ್ ಹೋಯ್ತು ಅಂತ ಗಿರಾಕಿಗಳು ಬೈಯಲು ಮಾಡುವ ಕರೆಗಳೆಲ್ಲ ಆ ಸರ್ವರ್ ಮೂಲಕವೇ ಬರಬೇಕು. ಒಂದು ಕೆಟ್ಟಿತು ಅಂತ ಬೈಗುಳ ನಿಲ್ಲಬಾರದಲ್ಲ, ಅದಕ್ಕೇ ಕಂಪನಿ ಎರಡು ಇಟ್ಟಿತ್ತು. ಒಂದು ಗಾಂಧಿ ಬಜಾರಿನ ಹೆಡ್ಡಾಫೀಸಿನಲ್ಲಿ, ಇನ್ನೊಂದು ಭದ್ರಾವತಿಯ ಶಾಖೆಯಲ್ಲಿ. ಒಂದು ದುಡಿಯುವಾಗ ಇನ್ನೊಂದು ಸುಮ್ಮನೆ ಕೂತು ನೋಡುತ್ತಿರುತ್ತದೆ. ಮೊದಲನೆಯದು ಬಿದ್ದರೆ ಗಿರಾಕಿಗೆ ಗೊತ್ತೇ ಆಗದಂತೆ ಎರಡನೆಯದು ಕರೆಗಳನ್ನು ಎತ್ತಿಕೊಳ್ಳುತ್ತದೆ. ಶಿವಮೊಗ್ಗದ್ದಕ್ಕೆ ತುಂಗಾ, ಭದ್ರಾವತಿಯದಕ್ಕೆ ಭದ್ರಾ ಅಂತ ಹೆಸರಿಟ್ಟವನು ರುದ್ರೇಶನೇ. ಹೆಸರು ಎಷ್ಟು ಹಿಡಿಸಿತೆಂದರೆ ಆಫೀಸಿನವರೆಲ್ಲ ಅವುಗಳನ್ನು ಮನೆಮಕ್ಕಳ ಹಾಗೆ ‘ಅವಳು’, ‘ಇವಳು’ ಅಂತಲೇ ಕರೆಯುತ್ತಿದ್ದರು.

ಈಗ ಇಬ್ಬರಿಗೂ ಹೊಸ ಸಾಫ್ಟ್‌ವೇರ್ ಹಾಕಬೇಕಾಗಿತ್ತು.

“ಭಾನುವಾರ ಮಾಡಿಬಿಡಿ, ಕರೆ ಕಡಿಮೆ ಇರುತ್ತೆ,” ಅಂದರು ಮಾಲೀಕ ಜನಾರ್ದನರು. “ಆದ್ರೆ ಲೈನ್ ಏನಾದ್ರೂ ಸತ್ತರೆ ಸೋಮವಾರ ನೀವು ಆಫೀಸಿಗೆ ಬರೋ ತೊಂದರೆ ತಗೋಬೇಡಿ.” ಹೀಗಂದು ನಕ್ಕರು. ಅವರು ಸಿಟ್ಟಿನಲ್ಲಿ ಹೇಳಿದ್ದಕ್ಕೆ ಯಾರೂ ಹೆದರುತ್ತಿರಲಿಲ್ಲ. ನಕ್ಕು ಹೇಳಿದ್ದಕ್ಕೆ ಎಲ್ಲರೂ ಹೆದರುತ್ತಿದ್ದರು.

ಅದೇ ಭಾನುವಾರಕ್ಕೆ ರುದ್ರೇಶನ ತಾಯಿ ಜಗದಾಂಬಮ್ಮ ಹೆಣ್ಣು ನೋಡುವುದನ್ನೂ ಗೊತ್ತುಮಾಡಿದ್ದರು. ಮಗನಿಗೆ ಮೂವತ್ತೈದು ದಾಟಿತ್ತು. ನೋಡಿದ ಹೆಣ್ಣುಗಳ ಮುಖ ಅವನಿಗೆ ಮರೆತುಹೋಗಿತ್ತು. ತಿಂದ ಉಪ್ಪಿಟ್ಟುಗಳ ರುಚಿಯನ್ನು ಮಾತ್ರ ಊರಿನ ಸಮೇತ ಹೇಳಬಲ್ಲವನಾಗಿದ್ದ.

“ಅಮ್ಮಾ, ಆವತ್ತು ಆಗಲ್ಲ. ಕೆಲಸ ಇದೆ.”

“ಎಲ್ಲಿ ಕೆಲಸ?”

“ಭದ್ರಾವತೀಲಿ.”

“ಹೆಣ್ಣೂ ಅಲ್ಲೇ ಇರೋದಲ್ವೇನೋ! ದೇವರೇ ಕೂಡಿಸಿ ಕೊಟ್ಟಿದ್ದಾನೆ, ನಡಿ.”

ಭಾನುವಾರ ಬೆಳಿಗ್ಗೆ ತಾಯಿ ಮಗ ಬಸ್ಸಿಳಿದು ಮೊದಲು ಶಾಖೆಗೆ ಹೋದರು. ಜಗದಾಂಬಮ್ಮ ಹೂವು ಹಣ್ಣಿನ ಚೀಲ ಮಡಿಲಲ್ಲಿಟ್ಟುಕೊಂಡು, ಏಸಿ ಗಾಳಿಗೆ ನಡುಗುತ್ತ ಕೂತರು. ಯೋಜನೆ ಸರಳವಾಗಿತ್ತು. ಸುಮ್ಮನೆ ಕೂತಿರುವ ಭದ್ರಾಳಿಗೆ ಮೊದಲು ಹೊಸ ಸಾಫ್ಟ್‌ವೇರ್. ಅವಳು ಎದ್ದ ಮೇಲೆ ಕರೆಗಳನ್ನೆಲ್ಲ ಅವಳ ಕಡೆ ತಿರುಗಿಸಿ, ತುಂಗಾಳನ್ನು ಮಲಗಿಸಿ ಅವಳಿಗೂ ಹಾಕುವುದು. ಶಿವಮೊಗ್ಗದಲ್ಲಿ ತುಂಗಾ ಪಕ್ಕ ಸಹೋದ್ಯೋಗಿ ದಿವ್ಯಶ್ರೀ ಕೂತಿದ್ದಳು. ರುದ್ರೇಶ ಭದ್ರಾಳನ್ನು ಮಲಗಿಸಿ, ಹೊಸ ಸಾಫ್ಟ್‌ವೇರ್ ಇಳಿಯಲು ಬಿಟ್ಟು, “ಏನಾದ್ರೂ ಆದ್ರೆ ಫೋನ್ ಮಾಡು” ಅಂತ ದಿವ್ಯಶ್ರೀಗೆ ಹೇಳಿ ಆಟೋ ಹತ್ತಿದ.

ಹೆಣ್ಣಿನ ಮನೆ ಜನ್ನಾಪುರದಲ್ಲಿ. ಹುಡುಗಿಯ ತಂದೆ ಶಿವಶಂಕರಪ್ಪ ಕಾರ್ಖಾನೆಯಿಂದ ನಿವೃತ್ತರಾದವರು. ಯಂತ್ರಗಳ ಗದ್ದಲದ ನಡುವೆ ಕೂಗಿ ಕೂಗಿ ಅಭ್ಯಾಸವಾಗಿ, “ಬನ್ನಿ, ಕೂತ್ಕೊಳ್ಳಿ” ಅಂದರೂ ಬೀದಿಯವರು ತಿರುಗಿ ನೋಡಬೇಕು. ಅವರ ಪಕ್ಕದಲ್ಲಿ ಹುಡುಗಿಯ ಸೋದರಮಾವ ಜಯಪ್ಪ. ಆ ಕೇರಿಯಲ್ಲಿ ಯಾರ ಮನೆಯ ಪಂಚಾಯ್ತಿಯೂ ಅವನಿಲ್ಲದೆ ಶುರುವಾಗುತ್ತಿರಲಿಲ್ಲ, ಅವನಿದ್ದರೆ ಮುಗಿಯುತ್ತಿರಲಿಲ್ಲ.

ಹುಡುಗಿ ತನುಜಾ ತಟ್ಟೆಗಳನ್ನು ತಂದಿಟ್ಟು ತಲೆ ತಗ್ಗಿಸಿ ಕೂತಳು. ಶಾಲೆಯಲ್ಲಿ ಟೀಚರ್. ರುದ್ರೇಶ ಬಹಳ ದಿನಗಳ ಮೇಲೆ ಉಪ್ಪಿಟ್ಟು ಮರೆತು ಮುಖ ನೋಡಿದ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಎಡಗೈಯಲ್ಲಿ ತಟ್ಟೆ, ಬಲಗೈ ತುಂಬ ಕೇಸರಿಬಾತಿನ ತುಪ್ಪ. ಕಿರುಬೆರಳಿನಲ್ಲಿ ಒತ್ತಿದ, ಬೆರಳು ಜಾರಿ ಸ್ಪೀಕರ್ ಆನ್ ಆಯಿತು.

“ಸರ್, ಭದ್ರಾ ಇನ್ನೂ ಎದ್ದಿಲ್ಲ,” ಅಂದಿತು ಹೆಣ್ಣುದನಿ, ಮನೆಗೆಲ್ಲ ಕೇಳುವಂತೆ. “ಬೆಳಿಗ್ಗೆ ನೀವು ಮಲಗಿಸಿ ಹೋದೋಳು ಹಾಗೇ ಇದ್ದಾಳೆ.”

“ಏಳ್ತಾಳೆ ಬಿಡು, ಅವಳದ್ದು ಯಾವಾಗ್ಲೂ ನಿಧಾನ. ತುಂಗಾ ಹೇಗಿದ್ದಾಳೆ?”

“ಒಬ್ಬಳೇ ಎಲ್ಲಾ ನಿಭಾಯಿಸ್ತಿದ್ದಾಳೆ ಸರ್. ಸ್ವಲ್ಪ ಬಿಸಿಯಾಗಿದ್ದಾಳೆ.”

“ಆಗ್ಲಿ. ಭದ್ರಾ ಎದ್ದ ತಕ್ಷಣ ಅವಳನ್ನ ಮಲಗಿಸಿದ್ರಾಯ್ತು.”

ಜಯಪ್ಪನ ಬಾಯಿಗೆ ಹೊರಟಿದ್ದ ಮೆಣಸಿನಕಾಯಿ ಬೋಂಡಾ ದಾರಿಯಲ್ಲೇ ನಿಂತಿತು.

“ತುಂಗಾ ಅಂದ್ರೆ ಯಾರ್ರೀ?” ಅಂದ.

“ಶಿವಮೊಗ್ಗದವಳು,” ಅಂದ ರುದ್ರೇಶ, ತಲೆಯೆಲ್ಲ ಸರ್ವರಿನಲ್ಲೇ ಇದ್ದುದರಿಂದ.

“ಮತ್ತೆ ಭದ್ರಾ?”

“ಇಲ್ಲೇ, ಬಸ್ ಸ್ಟ್ಯಾಂಡ್ ಹತ್ರ ಇಟ್ಟಿದ್ದೀವಿ.”

“ಎರಡೆರಡು ಯಾಕ್ರೀ?”

“ಒಬ್ಬಳು ಕೈಕೊಟ್ರೆ ಇನ್ನೊಬ್ಬಳು ಇರಲಿ ಅಂತ. ಈಗ ಎಲ್ಲಾ ಕಡೆ ಹೀಗೇ ಅಲ್ವಾ?”

ಜಯಪ್ಪ ಜಗದಾಂಬಮ್ಮನ ಕಡೆ ತಿರುಗಿದ. “ಇದೆಲ್ಲ ನಿಮಗೆ ಗೊತ್ತೇನಮ್ಮಾ?”

“ಗೊತ್ತಿಲ್ದೆ ಏನು, ಈಗ ತಾನೇ ಅಲ್ಲಿಂದಲೇ ಬಂದ್ವಿ,” ಅಂದರು ಆಕೆ ಅಭಿಮಾನದಿಂದ. “ರೂಮಿಗೆಲ್ಲ ಏಸಿ ಹಾಕಿಸಿ ಎಷ್ಟು ಚೆನ್ನಾಗಿ ನೋಡ್ಕೊಳ್ತಾನೆ ಅಂತೀರಿ! ನನಗೇ ಯಾವತ್ತೂ ಒಂದು ಫ್ಯಾನ್ ತಂದುಕೊಡಲಿಲ್ಲ.”

ಶಿವಶಂಕರಪ್ಪನವರ ಮೀಸೆ ಅದುರತೊಡಗಿತು. ಅವರು ಬಾಯಿ ತೆರೆಯುವ ಮೊದಲೇ ಮತ್ತೆ ಫೋನ್. ತುಪ್ಪದ ಬೆರಳಿಗೆ ಈ ಸಲವೂ ಸ್ಪೀಕರೇ ಸಿಕ್ಕಿತು, ದಿವ್ಯಶ್ರೀ ಕೂಗುತ್ತಲೇ ಮಾತು ಶುರುಮಾಡಿದಳು.

“ಸರ್, ಭದ್ರಾ ಎದ್ದಳು! ಆದ್ರೆ ನಡುವಿನ ಲಿಂಕ್ ಕಟ್ಟಾಗಿದೆ. ಒಬ್ಬಳು ಇರೋದು ಇನ್ನೊಬ್ಬಳಿಗೆ ಗೊತ್ತಾಗ್ತಿಲ್ಲ. ಇಬ್ಬರೂ ನಾನೇ ಯಜಮಾನಿ ಅಂತ ಕೂತಿದ್ದಾರೆ!”

ರುದ್ರೇಶನ ತಟ್ಟೆ ನೆಲಕ್ಕೆ ಬಿತ್ತು. ಇಬ್ಬರೂ ಯಜಮಾನಿಯರಾದರೆ ಕರೆಗಳು ಅರ್ಧ ಅಲ್ಲಿ, ಅರ್ಧ ಇಲ್ಲಿ ಹಂಚಿಹೋಗಿ ಲೈನ್ ಸಾಯುತ್ತದೆ. ಜನಾರ್ದನರ ನಗು ಕಣ್ಣ ಮುಂದೆ ಬಂತು.

“ಒಬ್ಬಳನ್ನ ಸಾಯಿಸು!” ಅಂತ ಅರಚಿದ.

“ಯಾರನ್ನ ಸರ್?”

“ತುಂಗಾನ! ಹೇಗೂ ಹಳಬಳು. ಎಲ್ಲಾನೂ ಭದ್ರಾ ನೋಡ್ಕೊಳ್ತಾಳೆ.”

“ಮೆತ್ತಗೆ ಸಾಯಿಸ್ಲಾ, ಇಲ್ಲಾ...”

“ಮೆತ್ತಗೆ ಗಿತ್ತಗೆ ಬೇಡ, ಒಂದೇ ಏಟಿಗೆ ಮುಗಿಸು!”

ಕಿಟಕಿಯಲ್ಲಿ ನಿಂತು ಹುಡುಗನನ್ನು ನೋಡುತ್ತಿದ್ದ ಪಕ್ಕದ ಮನೆಯ ತಮಿಳು ಅಜ್ಜಿ, “ಅಯ್ಯಯ್ಯೋ! ರೆಂಡು ಪೊಂಡಾಟಿಯಾ!” ಅಂತ ಎದೆ ಬಡಿದುಕೊಂಡಳು. ಎರಡು ಹೆಂಡಿರ ಸುದ್ದಿ ಅಲ್ಲಿಂದ ಬೀದಿಗೆ ಇಳಿಯಿತು.

ಜಯಪ್ಪ ಎದ್ದು ಬಾಗಿಲ ಅಗುಳಿ ಹಾಕಿದ. “ಪೊಲೀಸರಿಗೆ ಫೋನ್ ಮಾಡಿ ಭಾವಾ. ನಮ್ಮ ಕಣ್ಣೆದುರೇ ಕೊಲೆ ಮಾಡಿಸ್ತಿದ್ದಾನೆ, ಅದೂ ಕೇಸರಿಬಾತು ತಿಂತಾ!”

ಆಗ ರುದ್ರೇಶನಿಗೆ ಹೊಳೆಯಿತು. “ಅಯ್ಯೋ, ಅವರು ಹೆಂಗಸರಲ್ಲ ಸರ್, ಬರೀ ಯಂತ್ರ!”

“ನೋಡಿದ್ರಾ! ಹೆಂಗಸರನ್ನ ಯಂತ್ರ ಅಂತ ಬೇರೆ ಅಂತಾನೆ!”

ಎಷ್ಟು ಹೇಳಿದರೂ ನಂಬುವವರಿಲ್ಲ. ಕೊನೆಗೆ ಅವನು ಕೈಮುಗಿದು, “ಬನ್ನಿ, ಭದ್ರಾನ ಕಣ್ಣಾರೆ ನೋಡಿ,” ಅಂದ. ಎರಡು ಆಟೋ ಬಂದವು. ಒಂದರಲ್ಲಿ ಶಿವಶಂಕರಪ್ಪ ಮತ್ತು ತನುಜಾ, ಇನ್ನೊಂದರಲ್ಲಿ ತಾಯಿ, ಮಗ ಮತ್ತು ಮಗನ ತೋಳು ಬಿಡದೆ ಹಿಡಿದ ಜಯಪ್ಪ. ಜಗದಾಂಬಮ್ಮ ಮಾತ್ರ, “ಇವರಿಗೆ ಏಸಿ ಕಂಡ್ರೆ ಇಷ್ಟೊಂದು ಆಸೆಯೇನೋ?” ಅಂತ ಮಗನ ಕಿವಿಯಲ್ಲಿ ಕೇಳಿದರು.

ಶಾಖೆಯ ಬಾಗಿಲು ತೆರೆದಾಗ ಒಳಗಿದ್ದುದು ಒಂದು ಕಬ್ಬಿಣದ ಕಪಾಟು, ಅದರೊಳಗೆ ಮಿಣಮಿಣ ಹಸಿರು ದೀಪದ ಕಪ್ಪು ಪೆಟ್ಟಿಗೆ, ಅದರ ಹಣೆಗೆ ಆಯುಧಪೂಜೆಯ ಕುಂಕುಮ, ಕೆಳಗೆ ‘ಭದ್ರಾ’ ಎಂಬ ಚೀಟಿ. ಜಯಪ್ಪ ಕಪಾಟಿನ ಹಿಂದೆ, ಮೇಜಿನ ಕೆಳಗೆ, ಬಚ್ಚಲಿನಲ್ಲಿ ಎಲ್ಲ ಹುಡುಕಿದ. ಹೆಂಗಸಿರಲಿ, ಹಲ್ಲಿಯೂ ಸಿಗಲಿಲ್ಲ.

ರುದ್ರೇಶ ದಿವ್ಯಶ್ರೀಗೆ ಫೋನ್ ಹಚ್ಚಿ, ಈ ಸಲ ತಾನೇ ಸ್ಪೀಕರ್ ಒತ್ತಿದ.

“ಸರ್, ಗೆದ್ವಿ!” ಅಂದಳು ಅವಳು. “ತುಂಗಾ ಸ್ವಿಚ್ ಆಫ್ ಮಾಡಿದ ತಕ್ಷಣ ಭದ್ರಾ ಎಲ್ಲಾ ಕರೆ ಎತ್ಕೊಂಡ್ಲು. ಆ ಹೊತ್ತಲ್ಲೇ ತುಂಗಾಗೂ ಸಾಫ್ಟ್‌ವೇರ್ ಹಾಕಿದೆ. ಈಗ ಲಿಂಕೂ ಬಂತು, ಒಬ್ಬರನ್ನೊಬ್ಬರು ಗುರುತು ಹಿಡಿದ್ರು. ಗಿರಾಕಿಗಳು ಯಾವತ್ತಿನ ಹಾಗೇ ಬೈತಿದ್ದಾರೆ ಸರ್!”

ಶಿವಶಂಕರಪ್ಪ ಒಂದು ಗಳಿಗೆ ಪೆಟ್ಟಿಗೆಯನ್ನೇ ನೋಡಿ, ಆಮೇಲೆ ನಗತೊಡಗಿದರು. ಕಿಟಕಿಯ ಗಾಜು ಅದುರಿತು.

“ಯಂತ್ರದ ಮೇಲೆ ಇಷ್ಟು ಜೀವ ಇಟ್ಟಿರೋ ಹುಡುಗನ್ನ ನಾನು ಕಾರ್ಖಾನೇಲೂ ಕಂಡಿರಲಿಲ್ಲ ಮಾರಾಯ! ಅಮ್ಮಾ, ನಮ್ಮ ಕಡೆಯಿಂದ ಒಪ್ಪಿಗೆ. ನಡೀರಿ ಮನೆಗೆ, ಊಟ ಮಾಡ್ಕೊಂಡೇ ಹೋಗಬೇಕು.”

ಊಟಕ್ಕೆ ಎಲೆ ಹಾಕುವ ಮೊದಲು ಹುಡುಗ ಹುಡುಗಿ ಮಾತಾಡಲಿ ಅಂತ ಇಬ್ಬರನ್ನೂ ತಾರಸಿಗೆ ಕಳಿಸಿದರು. ರುದ್ರೇಶ ನಾಚಿಕೆಯಿಂದ ನಗುವಷ್ಟರಲ್ಲಿ ತನುಜಾ ಕಣ್ಣೊರೆಸಿಕೊಂಡಳು.

“ಯಾಕ್ರೀ ಹೀಗೆ ಮಾಡಿದ್ರಿ?”

“ನಾನೇನು ಮಾಡಿದೆ?”

“ನಿಮಗೆ ಇಬ್ಬರು ಹೆಂಡಿರು ಅಂದಾಗ ನನಗೆ ಎಷ್ಟು ಸಮಾಧಾನ ಆಗಿತ್ತು ಗೊತ್ತಾ? ಆ ಪೆಟ್ಟಿಗೆ ಯಾಕೆ ತೋರಿಸಿದ್ರಿ?” ಅವಳ ಶಾಲೆಯಲ್ಲೇ ವಿಷ್ಣುಪ್ರಸಾದ ಅಂತ ಗಣಿತದ ಮೇಷ್ಟ್ರಿದ್ದರು. ಜಾತಿ ಬೇರೆ. ಮೂರು ವರ್ಷದಿಂದ ಅಪ್ಪ ಆ ಹೆಸರೆತ್ತಲು ಬಿಟ್ಟಿರಲಿಲ್ಲ. “ಇವತ್ತು ಆಟೋದಲ್ಲಿ ಕೂತ್ಕೊಂಡು ಅಪ್ಪ ಮೊದಲನೇ ಸಲ ಅಂದ್ರು, ‘ಇಂಥವನಿಗೆ ಕೊಡೋದಕ್ಕಿಂತ ಆ ಮೇಷ್ಟ್ರಿಗೆ ಕೊಡೋದೇ ವಾಸಿ’ ಅಂತ. ಅಷ್ಟರಲ್ಲಿ ನೀವು ಒಳ್ಳೆಯವರಾಗಿಬಿಟ್ಟಿರಿ.”

“ನಾನೇ ಒಲ್ಲೆ ಅಂತ ಹೇಳ್ತೀನಿ.”

“ಮುಂದಿನ ವಾರ ಇನ್ನೊಬ್ಬರನ್ನ ಕರೀತಾರೆ, ಅಷ್ಟೇ. ನೀವು ಕೆಟ್ಟವರಾದ್ರೆ ಮಾತ್ರ ನನಗೆ ದಾರಿ ಇರೋದು.”

ರುದ್ರೇಶ ಬೀದಿ ನೋಡುತ್ತ ನಿಂತ. ಹುಡುಗಿ ಅವನಿಗೆ ನಿಜವಾಗಿಯೂ ಹಿಡಿಸಿದ್ದಳು. ಆದರೆ ಬೇರೆಯವರನ್ನು ನೆನೆಯುತ್ತ ಅಳುವವಳನ್ನು ಕಟ್ಟಿಕೊಂಡು ತಾನು ಸುಖಪಡುವುದಾದರೂ ಏನು? ಒಂದು ಉಸಿರೆಳೆದು ಕೆಳಗಿಳಿದ.

“ಯಜಮಾನ್ರೇ, ಆ ಪೆಟ್ಟಿಗೆಗೆ ಭದ್ರಾ ಅಂತ ಹೆಸರು ಯಾಕಿಟ್ಟೆ ಅಂತ ನೀವು ಕೇಳಲಿಲ್ಲ.”

“ಹೊಳೆ ಹೆಸರಲ್ವೇನಪ್ಪಾ?”

“ಅಲ್ಲ,” ಅಂದ ತಲೆ ತಗ್ಗಿಸಿ. “ಆ ಹೆಸರಿನ ಹುಡುಗಿ ಒಬ್ಬಳಿದ್ದಾಳೆ. ಇದೇ ಊರಲ್ಲಿ. ನನಗೆ ಅವಳನ್ನ ಬಿಡೋಕಾಗಲ್ಲ.”

“ನಾನು ಹೇಳಲಿಲ್ವಾ ಭಾವಾ!” ಅಂತ ಜಯಪ್ಪ ತೊಡೆ ತಟ್ಟಿದ. ಕಳೆದುಹೋಗಿದ್ದ ಹಸು ಕೊಟ್ಟಿಗೆಗೆ ತಾನಾಗಿ ಬಂದಷ್ಟು ಸಂತೋಷ ಅವನಿಗೆ.

ಶಿವಶಂಕರಪ್ಪ ಕುರ್ಚಿಗೆ ಒರಗಿ, ಜೀವಮಾನದಲ್ಲಿ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದರು. “ಗೊತ್ತಿಲ್ಲದ ಸಂಬಂಧವೇ ಬೇಡ. ತನುಜಾ, ಆ ಮೇಷ್ಟ್ರಿಗೆ ಸಂಜೆ ಬಂದು ಹೋಗೋಕೆ ಹೇಳು.” ಬಾಗಿಲ ಮರೆಯಲ್ಲಿ ನಿಂತ ಹುಡುಗಿ ರುದ್ರೇಶನಿಗೆ ಕಣ್ಣಿನಲ್ಲೇ ಕೈಮುಗಿದಳು.

ಊಟ ಸಿಗಲಿಲ್ಲ. ಆದರೂ ಬಸ್ಸಿನ ಕಿಟಕಿಗೆ ತಲೆಯಿಟ್ಟಾಗ ರುದ್ರೇಶನಿಗೆ ಮೈ ಹಗುರಾದ ಹಾಗಿತ್ತು. ಫೋನುಗಳು ಬದುಕಿದ್ದವು, ಕೆಲಸ ಉಳಿದಿತ್ತು, ಒಬ್ಬ ಹುಡುಗಿಯ ಬಾಳು ನೇರವಾಗಿತ್ತು. ಜನಾರ್ದನರು ‘ಭೇಷ್’ ಅಂತ ಮೆಸೇಜು ಕಳಿಸಿದ್ದರು. ಉಳಿದದ್ದು ಅಮ್ಮನ ಬೈಗುಳವೊಂದೇ. ಶಿವಮೊಗ್ಗ ಹತ್ತಿರವಾಗಿ ಬಸ್ಸು ತುಂಗಾ ಸೇತುವೆ ಹತ್ತಿತು.

ಸೇತುವೆಯ ಮೇಲೆ ಜಗದಾಂಬಮ್ಮ ದೊಡ್ಡದಾಗಿ ಉಸಿರು ಬಿಟ್ಟರು. ಮಗ ಕಣ್ಣು ಮುಚ್ಚಿಕೊಂಡ.

“ಅಂತೂ ಒಬ್ಬಳಿದ್ದಾಳಲ್ಲ!” ಅಂದರು ಆಕೆ. “ಎಷ್ಟು ಹರಕೆ ಹೊತ್ತೆ, ಎಷ್ಟು ಮನೆ ಅಲೆದೆ. ಮೊದಲೇ ಹೇಳಬಾರದಿತ್ತೇನೋ ಮುಂಡೇದೇ? ಯಾವ ಜನ, ಯಾವ ಜಾತಿ ಅಂತ ನಾನು ಕೇಳಿದ್ರೆ ಕೇಳು.”

ರುದ್ರೇಶ ಬಾಯಿ ತೆರೆದ. ನಿಜ ಹೇಳಿದರೆ ಬಸ್ ಸ್ಟ್ಯಾಂಡ್ ಬರುವುದರೊಳಗೆ ಅಮ್ಮ ಜನ್ನಾಪುರಕ್ಕೆ ಫೋನ್ ಮಾಡಿ, ಸಂಜೆ ಬರುವ ಮೇಷ್ಟ್ರನ್ನು ವಾಪಸು ಕಳಿಸಿ, ಲಗ್ನಪತ್ರಿಕೆ ಬರೆಸಿಬಿಡುತ್ತಿದ್ದರು. ಬಾಯಿ ಮುಚ್ಚಿದ.

ಅಷ್ಟರಲ್ಲಿ ಆಕೆ ಹಿಂದಿನ ಸೀಟಿನ ಹೆಂಗಸಿಗೆ, “ನಮ್ಮ ಸೊಸೆ ಭದ್ರಾವತಿಯೋಳು,” ಅಂತ ಬಾಳೆಹಣ್ಣು ಕೊಟ್ಟಾಗಿತ್ತು. ಹೆಣ್ಣಿನವರಿಗೆ ಕೊಡದೆ ಉಳಿದಿದ್ದ ಮಲ್ಲಿಗೆ ದಂಡೆಯನ್ನು ಜೋಪಾನವಾಗಿ ಎಲೆಯಲ್ಲಿ ಸುತ್ತಿಟ್ಟು, ಮಗನ ಮುಂದೆ ಕೈ ಚಾಚಿದರು.

“ಬರೋ ಭಾನುವಾರ ಊಟಕ್ಕೆ ಕರೆಯೋಣ. ಭದ್ರಾಗೆ ಒಂದು ಫೋನ್ ಹಚ್ಚಿ ಕೊಡು, ನಾನೇ ಮಾತಾಡ್ತೀನಿ.”