ಪರಾಗ ಎಣಿಸುವವನ ಮೇಲೆ ಹೊಟ್ಟೆಕಿಚ್ಚು

ಕಟ್ಟಿಕೊಂಡ ಹೆಂಡತಿ ಪರಪುರುಷನ ಅಪ್ಪಣೆಯಿಲ್ಲದೆ ಕಿಟಕಿಯನ್ನೂ ತೆರೆಯುವುದಿಲ್ಲ ಎಂದರೆ ಯಾವ ಗಂಡನ ಹೊಟ್ಟೆ ಉರಿಯದು ಹೇಳಿ! ಅವನ ಹೆಸರು ಕಮೋಹೆಲೊ. ಬ್ಲೂಮ್‌ಫಾಂಟೇನಿನ ಗಾಳಿಯಲ್ಲಿ ಹಾರುವ ಪರಾಗ ಎಣಿಸುವುದು ಆ ಮಹಾಶಯನ ಉದ್ಯೋಗ. (ಎಣಿಸಲು ಜನ ಸಿಗುತ್ತಾರೆ, ನಮ್ಮ ಬಡಾವಣೆಯ ದವಾಖಾನೆಯಲ್ಲಿ ಉಬ್ಬಸದ ಪಂಪು ಮಾತ್ರ ಸಿಗುವುದಿಲ್ಲ.)

ಅವನ ಯಂತ್ರ ಇರುವುದು ನಾನು ಕಾಯುವ ಶಾಲೆಯ ತಾರಸಿಯ ಮೇಲೆ. ಅದು ಗಾಳಿ ಹೀರುತ್ತದೆ, ಪರಾಗ ಒಳಗಿನ ಅಂಟುಪಟ್ಟಿಗೆ ಮೆತ್ತಿಕೊಳ್ಳುತ್ತದೆ. ಸೋಮವಾರ ಅವನು ಪಟ್ಟಿ ಬಿಚ್ಚಿ, ಎಣಿಸಿ, ಆ ವಾರ ಹಸಿರೋ ಕೆಂಪೋ ಎಂದು ಸಾರುತ್ತಾನೆ. ಕೆಂಪೆಂದರೆ ಉಬ್ಬಸದವರು ಹೊಸಿಲು ದಾಟಬಾರದು.

"ಈ ವಾರ ಹೇಗೆ, ಅಬುತಿ?" ಎಂದು ಉಬ್ಬಸದ ನನ್ನ ಪುಸೆಲೆತ್ಸೊ ಅವನಿಗೆ ಫೋನಿನಲ್ಲಿ ಉಲಿಯುತ್ತಾಳೆ. ಅಬುತಿ ಎಂದರೆ ಅಣ್ಣ, ಗೊತ್ತು ಸ್ವಾಮಿ. ಮದುವೆಗೆ ಮುಂಚೆ ನನ್ನನ್ನೂ ಹಾಗೇ ಕರೆಯುತ್ತಿದ್ದಳು!

"ನನ್ನ ಮಾತಿಗಿಂತ ಅವನ ಮಾತು ಹೆಚ್ಚೇನೇ?"

"ನಿಮ್ಮ ಮಾತು ಕೇಳಿ ಹೋದ್ವರ್ಷ ಆಕ್ಸಿಜನ್ ಹಾಕಿಸ್ಕೊಂಡೆ, ಮರ್ತ್ರಾ ರೀ? ಅವರ ಮಾತು ಕೇಳೋಕೆ ಶುರು ಮಾಡಿದ್ಮೇಲೆ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ."

ಹೊಟ್ಟೆಕಿಚ್ಚಿಗೆ ಕಿವಿಯೆಲ್ಲಿದೆ? ಅವನ ಲೆಕ್ಕ ಕೆಟ್ಟರೆ ಇವಳ ನಂಬಿಕೆ ಕೆಡುತ್ತದೆ ಎಂದುಕೊಂಡೆ. ಮಂಗಳವಾರ ಸಂಜೆ ನಾಲ್ಕಕ್ಕೆ ತಾರಸಿ ಹತ್ತಿ, ಹೂಬಿಟ್ಟ ಹುಲ್ಲಿನ ಕಟ್ಟೊಂದನ್ನು ಯಂತ್ರದ ಮೂತಿಗೆ ಮನಸಾರೆ ಕೊಡವಿದೆ.

ಮರುಸೋಮವಾರ ಕೆಂಪು! ಗಾಳಿ ನಿರ್ಮಲವಾಗಿತ್ತು, ಊರಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಗುರುವಾರ ಪಕ್ಕದ ಮನೆಯ ಉಬ್ಬಸದ ಅಜ್ಜಿ ಪ್ರಾರ್ಥನಾ ಕೂಟದ ಸಮವಸ್ತ್ರವಾದ ಕೆಂಪು ರವಿಕೆ ತೊಟ್ಟು, ಹೋಗಲಾರದೆ, ಗಾಜಿನ ಹಿಂದೆ ಒಬ್ಬಳೇ ಹಾಡಿಕೊಳ್ಳುತ್ತಿದ್ದಳು. ಸರ್ಕಾರದ ಅನ್ಯಾಯದ ಮೇಲೆ ದಿನಾ ಗಂಟಲು ಹರಿದುಕೊಳ್ಳುವ ನಾನು ಅಂದು ನಮ್ಮ ಕಿಟಕಿಯ ಪರದೆ ಎಳೆದುಕೊಂಡೆ.

ಶುಕ್ರವಾರ ಕಮೋಹೆಲೊ ಮನೆಗೇ ಬಂದ.

"ಅಕ್ಕಾ, ತಪ್ಪಾಗಿದೆ. ಒಟ್ಟು ಎಣಿಸಿ ಕೆಂಪು ಹಾಕ್ಬಿಟ್ಟೆ. ಆದ್ರೆ ಆ ಪಟ್ಟಿ ಗಡಿಯಾರದ ಜೊತೆ ಸರೀತಾ ಹೋಗುತ್ತೆ. ಇವತ್ತು ಗಂಟೆಗಂಟೆ ಲೆಕ್ಕ ನೋಡಿದ್ರೆ ಅಷ್ಟೂ ಪರಾಗ ಒಂದೇ ಗಂಟೇಲಿ ಬಿದ್ದಿದೆ. ಮಂಗಳವಾರ, ನಾಲ್ಕು ಗಂಟೆ."

ಪಟ್ಟಿ ಗಂಟೆ ಬರೆದುಕೊಳ್ಳುತ್ತದೆಂದು ಈ ಮೂಢನಿಗೆ ಯಾರು ಹೇಳಿದ್ದರು?

ನನ್ನವಳು ನಿಧಾನವಾಗಿ ತಿರುಗಿದಳು. "ತಾರಸಿ ಗುಡಿಸ್ತೀನಿ ಅಂತ ಹೋಗಿ, ಅಂಗಿ ತುಂಬ ಹುಲ್ಲು ಮೆತ್ಕೊಂಡು ಬಂದಿದ್ದು ಅವತ್ತೇ ಅಲ್ವಾ?"

ಒಪ್ಪಿಕೊಂಡೆ. ಅವಳು ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಮೊದ್ಲು ಅಜ್ಜಿ ಹತ್ರ ಹೋಗಿ ಕ್ಷಮೆ ಕೇಳಿ, ಕಿಟಕಿ ತೆಗೆದುಕೊಟ್ಟು ಬನ್ನಿ. ಅಬುತಿ, ಇವರನ್ನ ನಂಬಿದ್ರೆ ನಮ್ಮ ಉಸಿರು ನಿಲ್ಲುತ್ತೆ. ಆ ಯಂತ್ರ ನಾನೇ ಕಾಯ್ತೀನಿ. ಎಣಿಸೋದೂ ಕಲಿಸಿಕೊಡಿ."

ಈಗ ಪ್ರತಿ ಸೋಮವಾರ ಇಬ್ಬರೂ ಒಂದೇ ಸೂಕ್ಷ್ಮದರ್ಶಕದ ಮುಂದೆ ತಲೆಗೆ ತಲೆ ತಾಗಿಸಿ ಕೂರುತ್ತಾರೆ. ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಲ್ಲುವುದು ನಾನು. ಮೊನ್ನೆ ತಡೆಯಲಾರದೆ ಒಂದು ನಿಟ್ಟುಸಿರು ಬಿಟ್ಟೆ.

"ಉಸಿರಾಡ್ಬೇಡಿ ರೀ," ಎಂದಳು, ತಲೆಯೆತ್ತದೆ, "ಪರಾಗ ಹಾರಿಹೋಗುತ್ತೆ."