ಗೋವಿನ ಪಾಲಾದ ನುಚ್ಚು

ಕನ್ನಡನಾಡು ಒಂದಾಗಿ ಎರಡು ವರ್ಷವಾಯಿತು, ಕನ್ನಡ ಮಾತ್ರ ಒಂದಾಗಲಿಲ್ಲ ಎಂಬುದೇ ನನ್ನ ದೂರು. ಆಗಿದ್ದರೆ ನನಗೆ ಈ ಗತಿ ಬರುತ್ತಿರಲಿಲ್ಲ.

ಹಂಪನಕಟ್ಟೆಯ ನಮ್ಮ ಆಫೀಸಿಗೆ ಧಾರವಾಡದಿಂದ ಹೊಸ ಸಾಹೇಬರು ಬಂದಿದ್ದರು. ಗುಮಾಸ್ತರನ್ನು ಘಟ್ಟದ ಮೇಲಕ್ಕೆ ವರ್ಗ ಮಾಡುವ ಪಟ್ಟಿ ಅವರ ಮೇಜಿನ ಮೇಲಿತ್ತು. ಕೊಟ್ಟಾರದ ಮನೆ, ಹೆಂಡತಿ ನೀರಜಾಕ್ಷಿ, ಹಸು ಗೌರಿ, ಈ ತ್ರಿಮೂರ್ತಿಗಳನ್ನು ಬಿಟ್ಟು ಬದುಕುವ ಧೈರ್ಯ ನನಗಿಲ್ಲ. (ಮೂವರಲ್ಲಿ ಬಾಯಿಲ್ಲದವರು ಇಬ್ಬರು ಮಾತ್ರ.) ಆದ್ದರಿಂದ ಸಾಹೇಬರನ್ನು ಒಲಿಸಿಕೊಳ್ಳಲು ನೀರಜಾಕ್ಷಿಯ ಅಡಿಗೆಯನ್ನು ದಿನವೂ ಅವರೆದುರು ಹೊಗಳುತ್ತಿದ್ದೆ.

ಒಂದು ಗುರುವಾರ ಅವರು ಬಟ್ಟೆಯ ಗಂಟೊಂದನ್ನು ನನ್ನ ಮುಂದಿಟ್ಟರು.

"ಹರಿದಾಸ್ರ, ನಮ್ಮವ್ವ ಗೋವಿನಜೋಳದ ನುಚ್ಚು ಕಳಿಸ್ಯಾಳ. ಲಾಡ್ಜಿನ ಊಟ ಉಂಡು ನಾಲಗಿ ಸತ್ತದ. ನಿಮ್ಮ ಮನಿಯಾಗ ಕುದಿಸಿಡ್ರಿ, ರವಿವಾರ ಉಣ್ಣಾಕ ಬರ್ತೇನಿ."

ಮೆಕ್ಕೆಜೋಳದ ತರಿಯನ್ನು ಗಂಜಿಯಂತೆ ಬೇಯಿಸಿ ಮಜ್ಜಿಗೆ ಸುರಿದು ಉಣ್ಣುವುದಂತೆ. ಹೇಳುವಾಗ ಅವರ ಕಣ್ಣಲ್ಲಿ ನೀರಾಡಿತು. ಇಷ್ಟು ದೊಡ್ಡ ಅಧಿಕಾರಿಯನ್ನು ಅಳಿಸಿದ ಆ ಗಂಟನ್ನು ನಾನು ಭಕ್ತಿಯಿಂದ ಮುಟ್ಟಿದೆ. ಅಂದೇ ಸುರತ್ಕಲ್ಲಿಗೆ ಮೂರು ದಿನದ ತಪಾಸಣೆಗೆ ಹೊರಡಬೇಕಾದ್ದರಿಂದ ಗಂಟನ್ನು ಜವಾನ ಹಸನಬ್ಬನ ಕೈಯಲ್ಲಿ ಮನೆಗೆ ಕಳಿಸಿದೆ.

ಭಾನುವಾರ ಬೆಳಿಗ್ಗೆ ಮನೆಗೆ ಬಂದವನೇ ಕೇಳಿದೆ, "ನುಚ್ಚು ಎಲ್ಲಿ?"

"ಗೌರಿ ಮುಗಿಸಿದಳು."

"ಗೌರಿಯಾ!"

"ಎಂತ ಮಾರಾಯ್ರೇ ಬೊಬ್ಬೆ? ಗೋವಿನ ಜೋಳದ ನುಚ್ಚು ಅಂತ ಹಸನಬ್ಬ ಹೇಳಿದ, ಗೋವಿಗೆ ಹಾಕಿದೆ. ನುಚ್ಚು ಮನುಷ್ಯರು ತಿನ್ಲಿಕ್ಕುಂಟಾ? ಮೂರು ದಿನದಿಂದ ಹಾಲು ಅರ್ಧ ಸೇರು ಜಾಸ್ತಿ!"

ಮಧ್ಯಾಹ್ನ ಸಾಹೇಬರು ಊಟಕ್ಕೆ ಬರುವ ಸಂಗತಿಯನ್ನೂ ಪಟ್ಟಿಯ ಸಂಗತಿಯನ್ನೂ ತೊದಲಿದೆ. ಅವಳು ನನ್ನನ್ನೊಮ್ಮೆ ನೋಡಿ ಸೆರಗು ಸಿಕ್ಕಿಸಿದಳು. ಆಮೇಲೆ ನಾನು ಕಂಡದ್ದು ಸಾಕ್ಷಾತ್ ಅನ್ನಪೂರ್ಣೆಯನ್ನು. ಬೆಳ್ತಿಗೆ ಅಕ್ಕಿ ಬೀಸುಕಲ್ಲಿನಲ್ಲಿ ತರಿತರಿಯಾಯಿತು, ಚಿಟಿಕೆ ಅರಸಿನ ಬಿತ್ತು, ಪಾತ್ರೆಯಲ್ಲಿ ಬಂಗಾರ ಕುದಿಯತೊಡಗಿತು. ಕೈಹಿಡಿದು ಹನ್ನೆರಡು ವರ್ಷವಾದರೂ ಇವಳು ಯಾರೆಂದು ನನಗೆ ತಿಳಿದೇ ಇರಲಿಲ್ಲ!

ಸಾಹೇಬರು ಮೊದಲ ತುತ್ತು ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದರು. "ನುಚ್ಚು ಹೀಂಗಿರೂದಿಲ್ಲಲ್ಲ..."

ನಾನು ಕದ್ರಿ ಮಂಜುನಾಥನಿಗೆ ಹರಕೆ ಹೊತ್ತೆ. ನೀರಜಾಕ್ಷಿ ಮಜ್ಜಿಗೆ ಸುರಿದಳು. ಎರಡನೆಯ ತುತ್ತಿಗೆ ಸಾಹೇಬರ ಕಣ್ಣು ತುಂಬಿತು.

"ತಂಗೀ, ಈ ಮಜ್ಜಿಗಿಯಾಗ ನಮ್ಮೂರಿನ ರುಚಿ ಅದ!"

"ಇರ್ಲೇಬೇಕಲ್ಲ" ಎಂದಳು ನೀರಜಾಕ್ಷಿ. ಹಟ್ಟಿಯಲ್ಲಿ ಗೌರಿ ಅಂಬಾ ಎಂದಳು. ಸಾಹೇಬರು ಮೂರು ಸಲ ಬಡಿಸಿಕೊಂಡು ಉಂಡರು.

ಸೋಮವಾರ ನನ್ನನ್ನು ಕರೆದು ಬೆನ್ನು ತಟ್ಟಿದರು. "ನುಚ್ಚಿನ ಬೆಲಿ ತಿಳಿದ ಮಂದಿ ಇಲ್ಲ್ಯಾಕ ಕೊಳೀಬೇಕ್ರಿ? ಪಟ್ಟಿಯೊಳಗ ನಿಮ್ಮ ಹೆಸರು ಇರಲೇ ಇಲ್ಲ. ನಾನ ಬರದೇನಿ. ಧಾರವಾಡಕ್ಕ!"

ಸಂಜೆ ಮನೆಗೆ ಬಂದು ಆರ್ಡರು ತೋರಿಸಿ ಕುಸಿದು ಕೂತೆ. ನೀರಜಾಕ್ಷಿ ಓದಿ ಮಡಚಿಟ್ಟಳು.

"ಗೌರಿಯನ್ನೂ ಕರ್ಕೊಂಡು ಹೋಗುವ. ನಮ್ಮಲ್ಲಿ ಅಲ್ಲಿಯ ಊಟ ಅಭ್ಯಾಸ ಆದದ್ದು ಅವಳೊಬ್ಬಳಿಗೇ."