ನನ್ನ ಹೆಬ್ಬೆರಳುದ್ದದ ರಾಕ್ಷಸ ಸೈನ್ಯ

ನಲವತ್ತು ದಾಟಿದ ಗಂಡಸು ಭಾನುವಾರ ಬೆಳಿಗ್ಗೆ ಪಂಚೆ ಉಟ್ಟು, ಗೊಂಬೆಗಳ ಹುಬ್ಬು ತೀಡುತ್ತ ಕೂತರೆ ಸುತ್ತಮುತ್ತ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ನನಗಂತೂ ಆಗುತ್ತಲೇ ಇತ್ತು.

ಇದು ಎಂಬತ್ತರ ದಶಕದ ಕೊನೆಯ ಮಾತು. ನಾವು ಮುಲುಂಡ್‌ನಲ್ಲಿದ್ದೆವು. ನಾನು ಬಾಂದ್ರಾದ ಒಂದು ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್. ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ಭಾವಮೈದ ಒಮ್ಮೆ ಇಂಗ್ಲೆಂಡಿನಿಂದ ದೊಡ್ಡದೊಂದು ಡಬ್ಬ ತಂದುಕೊಟ್ಟ. ಅದರ ತುಂಬ ಹೆಬ್ಬೆರಳುದ್ದದ ಸೀಸದ ಗೊಂಬೆಗಳು. ಕೋರೆಹಲ್ಲಿನ ರಾಕ್ಷಸರು, ಮೊನಚು ಕಿವಿಯ ಬಿಲ್ಲುಗಾರರು, ಗದೆ ಹೊತ್ತ ದೈತ್ಯನೊಬ್ಬ. ಬಣ್ಣ ನಾವೇ ಬಳಿಯಬೇಕು. ಆಮೇಲೆ ಎರಡು ಸೈನ್ಯ ಮಾಡಿ ಮೇಜಿನ ಮೇಲೆ ನಿಲ್ಲಿಸಿ, ಟೇಪಿನಲ್ಲಿ ಅಳೆದು ಮುಂದೆ ಸರಿಸುತ್ತ, ದಾಳ ಹಾಕಿ ಯುದ್ಧ ಮಾಡಬೇಕು.

ಯುದ್ಧಕ್ಕೆ ಶತ್ರು ಬೇಕಲ್ಲ? ವಿಲೆ ಪಾರ್ಲೆಯಲ್ಲಿ ಕ್ಲಿನಿಕ್ ಇಟ್ಟಿದ್ದ ಧಾರವಾಡ ಕಡೆಯ ಹಲ್ಲಿನ ಡಾಕ್ಟರು ಸಿಕ್ಕಿದರು. ಬಿಲ್ಲುಗಾರರಿಗೆ ಯಕ್ಷರೆಂದು ಹೆಸರಿಟ್ಟು ಅವರು ತೆಗೆದುಕೊಂಡರು. ರಾಕ್ಷಸರು ನನ್ನ ಪಾಲಿಗೆ ಬಂದರು.

ಹಸಿರು ನೈಲ್ ಪಾಲಿಷ್

ಬಾಗಿಲಿಗೆ ಹೊಡೆಯುವ ಪೇಂಟ್ ಹಚ್ಚಿದರೆ ಗೊಂಬೆಗಳ ಮೂಗು ಬಾಯಿ ಎಲ್ಲ ಮುಚ್ಚಿಹೋಗುತ್ತಿತ್ತು. ನೈಲ್ ಪಾಲಿಷ್ ತೆಳ್ಳಗಿರುತ್ತದಲ್ಲ ಎಂದು ಹೊಳೆಯಿತು. ಆ ವಾರ ನನ್ನ ಕೈಯಲ್ಲಿದ್ದದ್ದು ಒಬ್ಬ ರಾಕ್ಷಸಿ. ಆಫೀಸು ಬಿಟ್ಟವನೇ ಬಾಂದ್ರಾ ಸ್ಟೇಷನ್ ಹತ್ತಿರದ ಬಳೆ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ಬಿಜಾಪುರದ ಕಡೆಯವರು. ನನ್ನ ಹಿಂದಿ ಕೇಳಿದ ಕೂಡಲೇ ಕನ್ನಡಕ್ಕೆ ಇಳಿದರು.

"ಹಸಿರು ನೈಲ್ ಪಾಲಿಷಾ? ಅದನ್ನ ಯಾರೂ ಹಚ್ಚೂದಿಲ್ರಿ. ಗುಲಾಬಿ ಒಯ್ರಿ, ಬಾಯಾರ ಉಗುರಿಗೆ ಚಂದ ಕಾಣತೈತಿ."

"ಉಗುರಿಗಲ್ಲ. ಮುಖಕ್ಕೆ."

"ಬಾಯಾರ ಮುಖಕ್ಕ?"

"ಅಯ್ಯೋ, ಹೆಂಡತಿಗಲ್ಲ. ಮನೇಲಿ ಒಬ್ಬ ರಾಕ್ಷಸಿ ಇದಾಳೆ, ಅವಳಿಗೆ."

ಅವರು ಕೌಂಟರ್ ದಾಟಿ ಬಂದು ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ನಮ್ಮ ಮನ್ಯಾಗೂ ಅದಾರ್ರೀ. ಆದ್ರ ನಾವು ಹಿಂಗ ಅಂಗಡ್ಯಾಗ ನಿಂತು ಹೇಳೂದಿಲ್ಲ."

ಕೋರೆಹಲ್ಲು

ನನ್ನ ರಾಕ್ಷಸರ ಸೇನಾಪತಿ ಗೊಂಬೆಯ ಕೋರೆಹಲ್ಲೊಂದು ಮುರಿಯಿತು. ಶತ್ರುವಾದರೂ ಡಾಕ್ಟರು ಒಳ್ಳೆಯವರು. "ಕೊಡ್ರಿ ಇಲ್ಲೆ, ನಾ ಕಟ್ಟತೀನಿ" ಎಂದು ಕ್ಲಿನಿಕ್ಕಿಗೆ ಒಯ್ದರು. ಮನುಷ್ಯರ ಹಲ್ಲಿಗೆ ತುಂಬುವ ಸಿಮೆಂಟಿನಲ್ಲೇ ಹೊಸ ಕೋರೆ ಕಟ್ಟಿ, ಉಜ್ಜಿ ಪಾಲಿಷ್ ಮಾಡಿ, ಚಿಮಟಗಳಿದ್ದ ಟ್ರೇಯಲ್ಲಿ ಒಣಗಲು ನಿಲ್ಲಿಸಿದ್ದರಂತೆ. ಅಷ್ಟರಲ್ಲಿ ಹಲ್ಲಿನ ಸೆಟ್ ಕಟ್ಟಿಸಿಕೊಳ್ಳಲು ಒಬ್ಬ ರಿಟೈರ್ಡ್ ಹೆಡ್‌ಮಾಸ್ಟರು ಬಂದು ಕುರ್ಚಿಯಲ್ಲಿ ಕೂತರು. ಕನ್ನಡಕ ಏರಿಸಿ ಸೇನಾಪತಿಯನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಇವನ ಹಲ್ಲು ಯಾರು ಕಟ್ಟಿದ್ದು?"

"ನಾನೇ."

"ಹೊಳಪು ಚೆನ್ನಾಗಿದೆ. ನನಗೂ ಇಂಥದ್ದೇ ಕಟ್ಟಿ."

ಡಾಕ್ಟರು ತಮಾಷೆಯೆಂದುಕೊಂಡು ನಕ್ಕರು. ಹೆಡ್‌ಮಾಸ್ಟರು ನಗಲಿಲ್ಲ. "ಕೋರೆ ಮಾತ್ರ ಇಷ್ಟುದ್ದ ಬೇಡ, ಮೊಮ್ಮಗಳು ಹೆದರಿಕೊಳ್ತಾಳೆ. ಸೊಸೆ ಹೆದರುವಷ್ಟಿದ್ದರೆ ಸಾಕು."

ನವರಾತ್ರಿಯ ನೆಂಟರು

ನಮ್ಮದು ಮೈಸೂರಿನ ಕಡೆಯ ಮನೆತನ. ನವರಾತ್ರಿ ಬಂದರೆ ಮುಲುಂಡ್‌ನಲ್ಲೂ ಗೊಂಬೆ ಕೂರಿಸಲೇಬೇಕು. ಆ ವರ್ಷ ಕೆಳಗಿನ ಮೆಟ್ಟಿಲು ಖಾಲಿ ಉಳಿಯಿತೆಂದು ನನ್ನ ಹೆಂಡತಿ ನನ್ನ ಸೈನ್ಯವನ್ನೇ ಸಾಲಾಗಿ ನಿಲ್ಲಿಸಿಬಿಟ್ಟಳು. ಪಕ್ಕದ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎನ್ನುತ್ತಿದ್ದವರು, ಕುಂಕುಮಕ್ಕೆ ಬಂದಾಗ ಬಗ್ಗಿ ನೋಡಿ ಕೇಳಿದರು, "ಇವರೆಲ್ಲ ಯಾರು ವಹಿನಿ?"

ಇವಳು ತಡವರಿಸಲಿಲ್ಲ. "ಕುಂಭಕರ್ಣನ ಕಡೆಯವರು."

"ಇಷ್ಟೊಂದು ಜನವಾ?"

"ದೊಡ್ಡ ಸಂಸಾರ."

ಸಂಜೆ ನಾನು ಲೋಕಲ್ ರೈಲು ಇಳಿದು ಮನೆಗೆ ಬಂದು ನೋಡುತ್ತೇನೆ, ಎಲ್ಲ ರಾಕ್ಷಸರಿಗೂ ಅರಿಸಿನ ಕುಂಕುಮ! ಕೊಡಲಿ ಎತ್ತಿ ಆರ್ಭಟಿಸುತ್ತಿದ್ದ ಸೇನಾಪತಿಯ ಹಣೆಯಲ್ಲೂ ಮೂಗು ಮುಚ್ಚುವಷ್ಟು ಬೊಟ್ಟು, ತಲೆಯ ಮೇಲೆ ಅಕ್ಷತೆ, ಕಾಲ ಬಳಿ ಒಂದು ಬ್ಲೌಸ್ ಪೀಸು. ವಾರಗಟ್ಟಲೆ ಕೂತು ತಿದ್ದಿದ ಮುಖಗಳು! ನಾನು ಕೂಗಾಡಿದೆ, "ಅವನು ಗಂಡಸು ಕಣೇ! ಅವನಿಗೆ ಮಡಿಲು ತುಂಬಿದ್ದೀರಲ್ಲ!"

ಹೆಂಡತಿ ಕೋಸಂಬರಿ ಕಲಸುತ್ತ ಹೇಳಿದಳು: "ಉಗುರಿಗೆ ಹಚ್ಚೋ ಬಣ್ಣ ನೀವು ಮುಖಕ್ಕೆ ಬಳಿದರೆ, ಪಾಪ, ಕಾಕುಗೆ ಹೇಗೆ ಗೊತ್ತಾಗಬೇಕು?"

ನೀರಿನ ಯುದ್ಧ

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎ ವಿಂಗ್, ಬಿ ವಿಂಗ್ ಎಂದು ಎರಡು ಬಿಲ್ಡಿಂಗ್. ನಮ್ಮದು ಬಿ. ಬೆಳಿಗ್ಗೆ ಪಂಪು ಒಂದು ವಿಂಗಿಗೆ ನೀರು ಏರಿಸಿ ಮುಗಿಸುವ ಹೊತ್ತಿಗೆ ಇನ್ನೊಂದು ವಿಂಗಿನವರು ಸ್ನಾನವಿಲ್ಲದೆ ಲೋಕಲ್ ಹತ್ತಿರುತ್ತಿದ್ದರು. ಮೊದಲು ಯಾರಿಗೆ ಎಂಬ ಜಗಳ ಬಗೆಹರಿಯಲೇ ಇಲ್ಲ.

ಒಂದು ಭಾನುವಾರ ಸೊಸೈಟಿಯ ಹಾಲ್‌ನಲ್ಲಿದ್ದ ಟೇಬಲ್ ಟೆನಿಸ್ ಮೇಜಿನ ಮೇಲೆ ನಾನೂ ಡಾಕ್ಟರೂ ಸೈನ್ಯ ಹೂಡಿದ್ದೆವು. ಅಲ್ಲಿಗೇ ಎರಡೂ ವಿಂಗಿನವರು ಮೀಟಿಂಗಿಗೆಂದು ಬಂದು ನಮ್ಮ ಸುತ್ತಲೇ ನಿಂತು ಕೂಗಾಡತೊಡಗಿದರು. ಸೊಸೈಟಿಯ ಸೆಕ್ರೆಟರಿ ರಿಟೈರ್ಡ್ ಸುಬೇದಾರರು. ಅವರ ಕಣ್ಣು ಮಾತ್ರ ಮೇಜಿನ ಮೇಲೇ ಇತ್ತು. ಆಟದ ನಿಯಮವನ್ನೆಲ್ಲ ನನ್ನಿಂದ ಕೇಳಿಕೊಂಡು, ಮೇಜು ಗುದ್ದಿ ಎಲ್ಲರ ಬಾಯಿ ಮುಚ್ಚಿಸಿದರು.

"ಬಾಯಲ್ಲಿ ಆಡಿದ್ದು ಸಾಕು. ಯುದ್ಧದಲ್ಲೇ ತೀರ್ಮಾನ ಆಗಲಿ. ಗೆದ್ದವರಿಗೆ ಮೊದಲು ನೀರು."

ಚೀಟಿ ಎತ್ತಿದರು. ಎ ವಿಂಗಿಗೆ ರಾಕ್ಷಸರು ಬಂದರು, ಬಿ ವಿಂಗಿಗೆ ಯಕ್ಷರು.

"ಸಾರ್, ರಾಕ್ಷಸರು ನನ್ನವರು. ಆದರೆ ನಾನು ಬಿ ವಿಂಗಿನವನು!"

"ಸೇನಾಪತಿ ಸೈನ್ಯ ಬಿಟ್ಟು ಓಡುವ ಹಾಗಿಲ್ಲ" ಎಂದು ಸುಬೇದಾರರು ಗುಡುಗಿದರು.

ಬಿ ವಿಂಗಿನವರಿಗೆ ಒಳಗೊಳಗೇ ಖುಷಿ. ನಮ್ಮವನೇ ಎದುರಾಳಿ, ಸೋತುಕೊಡುತ್ತಾನೆ! ಹೆಂಡತಿ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಸನ್ನೆ ಮಾಡಿದಳು. ನಾನೂ ಮನಸ್ಸಿಟ್ಟು ಸೋಲತೊಡಗಿದೆ. ಪುಸ್ತಕ ಪೇರಿಸಿ ಮಾಡಿದ್ದ ಬೆಟ್ಟ ಬಿಟ್ಟುಕೊಟ್ಟೆ, ಸ್ಕೇಲಿನ ಸೇತುವೆ ಬಿಟ್ಟುಕೊಟ್ಟೆ. ಯಕ್ಷರು ನನ್ನ ಸೇನಾಪತಿಯನ್ನು ಸುತ್ತುವರಿದರು. ಅಷ್ಟಕ್ಕೇ ಡಾಕ್ಟರು ಸುಮ್ಮನಿರಬೇಕೋ ಬೇಡವೋ? ಹೊಟ್ಟೆ ಕುಣಿಸಿ ನಕ್ಕರು. "ನಿಮ್ಮ ಪೇಂಟಿಂಗೂ ಅಷ್ಟ, ನಿಮ್ಮ ಯುದ್ಧಾನೂ ಅಷ್ಟ!"

ಯುದ್ಧಕ್ಕೆ ಏನಾದರೂ ಅನ್ನಲಿ. ಪೇಂಟಿಂಗಿಗೆ?

ಆಮೇಲೆ ನನಗೆ ನೀರೂ ನೆನಪಿಲ್ಲ, ಹೆಂಡತಿಯೂ ನೆನಪಿಲ್ಲ. ದೈತ್ಯನನ್ನು ಮುಂದಕ್ಕೆ ತಳ್ಳಿ ದಾಳ ಎಸೆದೆ. ಆರು! ಮತ್ತೆ ಆರು! ಯಕ್ಷರು ಸಾಲುಸಾಲಾಗಿ ಮಗುಚಿಬಿದ್ದರು. ಎ ವಿಂಗಿನ ಗಂಡಸರು ನನ್ನನ್ನು ಹೆಗಲ ಮೇಲೆ ಎತ್ತಿ ಕುಣಿಸಿದರು. ಮೇಲಿನಿಂದ ನೋಡಿದರೆ ಬಾಗಿಲಲ್ಲಿ ಹೆಂಡತಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಹಾಸಿಗೆಯ ಪಕ್ಕದಲ್ಲಿ ಎರಡು ಖಾಲಿ ಬಕೆಟ್ ಇದ್ದವು. "ಎ ವಿಂಗಿಗೆ ಹೋಗಿ ತುಂಬಿಸಿಕೊಂಡು ಬನ್ನಿ. ನಿಮ್ಮ ಜನ ತಾನೆ?" ಎಂದಳು.

ಎರಡೂ ಕೈಯಲ್ಲಿ ಬಕೆಟ್ ತೂಗಿಸಿಕೊಂಡು ಹೋದೆ. ಎ ವಿಂಗಿನ ಕೆಳಗಿನ ಮನೆಯಲ್ಲೇ ಸುಬೇದಾರರ ವಾಸ. ಸ್ನಾನ ಮುಗಿಸಿ, ತಲೆ ಬಾಚಿ, ಘಮಘಮ ಎನ್ನುತ್ತ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಕಂಡೊಡನೆ ಕಾಲು ಜೋಡಿಸಿ ಸೆಲ್ಯೂಟ್ ಹೊಡೆದರು. ನನ್ನ ಎದೆ ಉಬ್ಬಿತು. ಅವರು ಒಳಗೆ ತಿರುಗಿ ಮಗನಿಗೆ ಕೂಗಿ ಹೇಳಿದರು:

"ಸೇನಾಪತಿಗಳು ಬಂದಿದ್ದಾರೆ, ಒಂದು ಬಕೆಟ್ ತುಂಬಿಸಿ ಕೊಡು. ಎರಡನೆಯದಕ್ಕೆ ಹಾಕಬೇಡ, ಅದು ಅವರ ಹೆಂಡತಿಗೆ. ಆಕೆ ಬಿ ವಿಂಗು, ಶತ್ರುಪಕ್ಷ."